ಪರ್ಲ್: ಪ್ರಿಂಟ್‌ಎಫ್‌ನಲ್ಲಿ ಕನ್ನಡ ಕಾಲಂ ಸಾಲಿಗೆ ಬರ್ತಾ ಇಲ್ಲ

ಪೆರ್ಲದ ಹುಡುಗ:
ನಮಸ್ಕಾರ. ಅಡಿಕೆ ಲೆಕ್ಕದ ಒಂದು ಟೆಕ್ಸ್ಟ್ ಫೈಲ್ ಇದೆ. ಪ್ರತಿ ಸಾಲಲ್ಲಿ ಅಡಿಕೆಯ ಗ್ರೇಡ್, ಕಿಲೋ, ದರ, ನಡುವೆ ಟ್ಯಾಬ್. ಅದನ್ನು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಡೆದು, ಕಾಲಂ ಮಾಡಿ, ಪ್ರಿಂಟ್ ತೆಗೆದು ಅಂಗಡಿ ಗೋಡೆಗೆ ಅಂಟಿಸಬೇಕು. ಪ್ರಿಂಟ್‌ಎಫ್‌ನಲ್ಲಿ (ಅಳತೆ ಕೊಟ್ಟು ಪ್ರಿಂಟ್ ಮಾಡುವ ಆಜ್ಞೆ) ಮೊದಲ ಕಾಲಂಗೆ ‘%-20ಎಸ್’, ಅಂದರೆ 20 ಜಾಗ, ಖಾಲಿ ಉಳಿದರೆ ಬಲಕ್ಕೆ ಸ್ಪೇಸ್; ಕಿಲೋಗೆ ಬರೀ ‘%ಎಸ್’. ಇಂಗ್ಲಿಷಿನಲ್ಲಿ ಗೆರೆ ಎಳೆದ ಹಾಗೆ ಬರುತ್ತದೆ. ಕನ್ನಡದಲ್ಲಿ ‘ಕೋಕ’ ಎಂಬ ಗ್ರೇಡಿನ ಮುಂದೆ ಬೇಕಾದಷ್ಟು ಜಾಗ, ‘ಕರಿಗೋಟು’ ಗ್ರೇಡ್ ಬಂದಲ್ಲಿ ಮಾತ್ರ ಕಿಲೋ ಅದಕ್ಕೇ ಅಂಟಿಕೊಳ್ಳುತ್ತದೆ. ನಮ್ಮೂರು ಪೆರ್ಲ. ಪೆರ್ಲದವನಿಗೆ ಪರ್ಲ್ ಬರಲ್ವಾ ಅಂತ ಮಾತ್ರ ಕೇಳಬೇಡಿ, ಕೇಳಿಸಿಕೊಂಡು ಸಾಕಾಗಿದೆ.

ಕುಂಬಳೆ ಮಾಷ್ಟ್ರು:
ಫೈಲ್ ಓದುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಕ್ರಮ) ಹೇಳಿಲ್ಲ, ಅಲ್ವಾ? ಹಾಗಿದ್ದರೆ ಪರ್ಲ್ ಎಣಿಸುವುದು ಬೈಟ್, ಅಕ್ಷರ ಅಲ್ಲ. ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಕೋಕ ಅಂದರೆ ಕ, ಅದರ ಓತ್ವ, ಮತ್ತೆ ಕ. 9 ಬೈಟ್ ಆಯಿತು, ಉಳಿದ 11 ಜಾಗ ಸ್ಪೇಸ್. ಕರಿಗೋಟುವಿನಲ್ಲಿ 7 ಚಿಹ್ನೆ, 21 ಬೈಟ್. ನೀವು ಕೊಟ್ಟ 20 ಅಲ್ಲೇ ಮುಗಿಯಿತು ಮಾರಾಯ್ರೇ, ಸ್ಪೇಸ್ ಎಲ್ಲಿಂದ ಬರಬೇಕು?

ಓಪನ್ ಮಾಡುವಾಗ ‘<:ಎನ್‌ಕೋಡಿಂಗ್(ಯುಟಿಎಫ್-8)’ ಕೊಡಿ. ಹೊರಗೆ ಬರೆಯುವ ಕಡೆ ಎಸ್‌ಟಿಡಿಔಟ್‌ಗೂ (ಪ್ರಿಂಟ್ ಮಾಡಿದ್ದು ಹೊರಗೆ ಹೋಗುವ ದಾರಿ) ಬಿನ್‌ಮೋಡ್ ಆಜ್ಞೆಯಲ್ಲಿ ಅದೇ ಎನ್‌ಕೋಡಿಂಗ್. ಸುಮ್ನೆ ‘ಯೂಸ್ ಯುಟಿಎಫ್8’ ಹಾಕಿದರೆ ಸಾಲದು. ಅದು ಸ್ಕ್ರಿಪ್ಟಿನ ಒಳಗೆ ಬರೆದ ಕನ್ನಡಕ್ಕೆ, ಫೈಲಿನಿಂದ ಬರುವುದಕ್ಕಲ್ಲ.

ಪೆರ್ಲದ ಹುಡುಗ:
ಮಾಷ್ಟ್ರೇ, ಅಂಟುವುದು ನಿಂತಿತು. ಆದರೆ ‘ಉಳ್ಳಿಗಡ್ಡೆ’ ಗ್ರೇಡಿನ ಸಾಲಿನ ಅಂಕಿಗಳು ಇನ್ನೂ ಎಡಕ್ಕೆ ಜರುಗಿವೆ.

ಮಂಜೇಶ್ವರದವ:
ಈಗ ಎಣಿಕೆ ಚಿಹ್ನೆಗಳದ್ದು. ಉಳ್ಳಿಗಡ್ಡೆ ನಮ್ಮ ಕಣ್ಣಿಗೆ 4 ಅಕ್ಷರ, ಪರ್ಲ್‌ಗೆ 10. ಗುಣಿತ, ವಿರಾಮ (ಅರ್ಧಾಕ್ಷರದ ಚಿಹ್ನೆ), ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ರೆಜೆಕ್ಸ್‌ನಲ್ಲಿ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಬ್ಯಾಕ್‌ಸ್ಲ್ಯಾಷ್ ಮತ್ತು ದೊಡ್ಡ ಎಕ್ಸ್ ಹಾಕಿ ಎಣಿಸಿದರೆ 6ಕ್ಕೆ ಇಳಿಯುತ್ತದೆ. ಒತ್ತಕ್ಷರ ಆಗಲೂ ಎರಡಾಗಿಯೇ ಉಳಿಯುತ್ತದೆ.

ಅದನ್ನೂ ಸರಿ ಮಾಡಿದಿರಿ ಅಂತ ಇಟ್ಟುಕೊಳ್ಳಿ, ಫಾಂಟ್ ಬಿಡಲ್ಲ. ಕನ್ನಡ ಫಾಂಟಿನಲ್ಲಿ ಯ, ಮ ಅಗಲ, ರ ಸಪುರ. ಸ್ಪೇಸ್ ತುಂಬಿ ಕನ್ನಡವನ್ನು ಸಾಲಿಗೆ ತರುವುದು ಆಗುವ ಹೋಗುವ ಕೆಲಸ ಅಲ್ಲ. ನಾನಾದರೆ ಅಂಕಿ ಮೊದಲು, ಹೆಸರು ಕೊನೆಗೆ ಇಡುತ್ತೇನೆ: ‘%8.2ಎಫ್’ (8 ಜಾಗ, ಚುಕ್ಕಿಯ ನಂತರ 2 ಅಂಕಿ) ಎರಡು ಸಲ, ಎರಡು ಸ್ಪೇಸ್, ಆಮೇಲೆ ‘%ಎಸ್’. ಹೆಸರಿನ ಬಲಕ್ಕೆ ಏನೂ ಇಲ್ಲದಿದ್ದರೆ ಅದು ಎಷ್ಟು ಉದ್ದ ಆದರೇನು?

ಕುಂಬಳೆ ಮಾಷ್ಟ್ರು:
ಟರ್ಮಿನಲ್‌ನಲ್ಲಿ ನೋಡಲು ಅದು ಒಳ್ಳೆ ಉಪಾಯ. ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ಹೆಸರು ಕೊನೆಗೆ ಬಂದರೆ ಓದುವವರು ಬೈತಾರೆ. ಪ್ರಿಂಟ್‌ಎಫ್ ಬಿಟ್ಟು ಎಚ್‌ಟಿಎಂಎಲ್ ಟೇಬಲ್ ಬರೆಸಿ. ಪ್ರತಿ ಸಾಲಿಗೆ ಒಂದು ಟಿಆರ್, ಪ್ರತಿ ಕಾಲಂಗೆ ಒಂದು ಟಿಡಿ. ಪುಟದ ತಲೆಭಾಗದಲ್ಲಿ (ಹೆಡ್) ಮೆಟಾ ಚಾರ್‌ಸೆಟ್ ಯುಟಿಎಫ್-8 ಇರಲಿ. ಅಗಲದ ತಲೆನೋವು ಬ್ರೌಸರಿಗೆ, ಪ್ರಿಂಟೂ ಅಲ್ಲಿಂದಲೇ. ಸ್ಕ್ರಿಪ್ಟಿನಲ್ಲೇ ಒಟ್ಟು ಹಾಕುವ ಕೆಲಸ ಇಲ್ಲದಿದ್ದರೆ ಆ ಟ್ಯಾಬ್ ಫೈಲನ್ನು ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ನೇರ ತೆರೆದರೂ ಆಯಿತು.

ಪೆರ್ಲದ ಹುಡುಗ:
ಒಟ್ಟು ಸ್ಕ್ರಿಪ್ಟಿನಲ್ಲೇ ಬೇಕು, ಹಾಗಾಗಿ ಟೇಬಲ್ಲೇ ಮಾಡಿದೆ. ಮಲಯಾಳಂನಲ್ಲಿ ಬರೆದ ಹೆಸರುಗಳೂ ಸಾಲಲ್ಲೇ ಕೂತಿವೆ. ಅಂಕಿಗಳು ಮಾತ್ರ ಎಡಕ್ಕೆ.

ಮಂಜೇಶ್ವರದವ:
ಆ ಟಿಡಿಗೆ ಸ್ಟೈಲ್‌ನಲ್ಲಿ ‘ಟೆಕ್ಸ್ಟ್-ಅಲೈನ್: ರೈಟ್’ ಕೊಡಿ. ಅಂಕಿಯನ್ನು ಸ್ಪ್ರಿಂಟ್‌ಎಫ್‌ನ (ಪ್ರಿಂಟ್ ಮಾಡದೆ ರೂಪ ಮಾತ್ರ ಕೊಡುವ ಪ್ರಿಂಟ್‌ಎಫ್) ‘%.2ಎಫ್’ ದಾಟಿಸಿಯೇ ಒಳಗೆ ಹಾಕಿ. ಇಲ್ಲದಿದ್ದರೆ 12.5ರ ಕೆಳಗೆ 8.25 ಬಂದಾಗ ಚುಕ್ಕಿ ಚುಕ್ಕಿಯ ಕೆಳಗೆ ಬರುವುದಿಲ್ಲ.