ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಸೋರಿಕೆ

ಪ್ರಶ್ನೆ (ಪಿಂಪ್ರಿ, ಪುಣೆ): 1990ರ ದಶಕದ 100 ಸಿಸಿ ಬೈಕು. ನಿಲ್ಲಿಸಿದಾಗ ಕಾರ್ಬೊರೇಟರ್ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತೆ. ಕಾಕ್ (ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ) ಬಂದ್ ಮಾಡಿದರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ. ಬೌಲ್ (ಕಾರ್ಬೊರೇಟರ್ ತಳದ ಪೆಟ್ರೋಲ್ ಬಟ್ಟಲು) ಗ್ಯಾಸ್ಕೆಟ್ ಬದಲಿಸಲೇ?

ಉತ್ತರ: ಬೇಡ ಸರ್. ಗ್ಯಾಸ್ಕೆಟ್ ಹೋಗಿದ್ದರೆ ಬೌಲಿನ ಅಂಚು ಒದ್ದೆಯಾಗುತ್ತಿತ್ತು. ಇಲ್ಲಿ ಫ್ಲೋಟ್ ನೀಡಲ್ (ಬೌಲಿನಲ್ಲಿ ತೇಲುವ ಫ್ಲೋಟ್ ಮೇಲೆದ್ದಾಗ ಪೆಟ್ರೋಲ್ ದಾರಿ ಮುಚ್ಚುವ ಸೂಜಿ) ಸರಿಯಾಗಿ ಕೂರುತ್ತಿಲ್ಲ. ಇಂಜಿನ್ ತಣ್ಣಗಾದ ಮೇಲೆ ಕಾಕ್ ಮುಚ್ಚಿ, ಡ್ರೇನ್ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಇಳಿಸಿ, ಬೌಲ್ ಬಿಚ್ಚಿ. ನೀಡಲ್‌ನ ರಬ್ಬರ್ ತುದಿಯಲ್ಲಿ ಉಂಗುರದ ಹಾಗೆ ಗೆರೆ ಬಿದ್ದಿದ್ದರೆ ಹೊಸದೇ ಹಾಕಿ. ನೀಡಲ್ ಕೂರುವ ಸೀಟಿಗೆ ಸ್ಯಾಂಡ್‌ಪೇಪರ್ ಮುಟ್ಟಿಸಬೇಡಿ, ಕಾರ್ಬ್ ಕ್ಲೀನರ್ ಸಾಕು.

ಇನ್ನೊಬ್ಬರು: ಫ್ಲೋಟನ್ನೂ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ. ಒಳಗೆ ಪೆಟ್ರೋಲ್ ಕುಲುಕಿದರೆ ತೂತಾಗಿದೆ, ಮುಳುಗುತ್ತೆ.

ಮತ್ತೊಬ್ಬರು: ಹೊಸ ನೀಡಲ್ ಹಾಕಿದ ಮೇಲೂ ಸೋರಿದರೆ ಟ್ಯಾಂಕಿನ ತುಕ್ಕು ನೋಡಿ. ನಮ್ಮ ಪುಣೆ ಮಳೆಗಾಲದಲ್ಲಿ ಇದು ಮಾಮೂಲು. ಒಂದು ಕಣ ಸಿಕ್ಕಿಕೊಂಡರೂ ನೀಡಲ್ ಮುಚ್ಚಲ್ಲ. ಟ್ಯಾಂಕಿನಿಂದ ಬರುವ ಪೆಟ್ರೋಲ್ ಪೈಪಿಗೆ ಫಿಲ್ಟರ್ ಹಾಕಿಸಿ.