ಅಪ್‌ಡೇಟ್: ಚಿನ್ನಿಗೆ ಆಪರೇಷನ್ ಮಾಡಿಸಲಿಲ್ಲ

12 ದಿನದ ಹಿಂದೆ ಕೇಳಿದ್ದೆನಲ್ಲ, 6 ವರ್ಷದ ನಮ್ಮ ಫೆರೆಟ್ (ಮುಂಗುಸಿಯಂತೆ ಕಾಣುವ ಸಾಕುಪ್ರಾಣಿ) ಚಿನ್ನಿಗೆ ಇನ್ಸುಲಿನೋಮಾ, ಅಂದರೆ ಇನ್ಸುಲಿನ್ ಅತಿಯಾಗಿ ಸುರಿಸಿ ರಕ್ತದ ಸಕ್ಕರೆ ಬೀಳಿಸುವ ಗಂಟು, ಆಪರೇಷನ್ನಾ ಔಷಧಿನಾ ಅಂತ. ಕೊನೆಗೆ ಔಷಧಿಯೇ ಸರಿ ಅಂದುಕೊಂಡೆವು.

ಜಯನಗರದಿಂದ ಹೆಬ್ಬಾಳಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆ ಟ್ರಾಫಿಕ್‌ನಲ್ಲಿ, ಸಕ್ಕರೆ ಇಳಿದು ಅವಳು ಕುಸಿದರೆ ಅಂತ ಜೇಬಿನಲ್ಲಿ ಜೇನಿನ ಬಾಟಲಿ ಬೇರೆ! ಸ್ಕ್ಯಾನಿನಲ್ಲಿ ಗಂಟು ಕಾಣಲೇ ಇಲ್ಲ. ಮೇದೋಜೀರಕದ ಈ ಗಂಟುಗಳು ಎಷ್ಟೋ ಸಲ ಅಷ್ಟು ಸಣ್ಣವಿರುತ್ತವಂತೆ. ತೆಗೆದರೂ ಮತ್ತೆ ಬರಬಹುದು. ಜೊತೆಗೆ ಅವಳ ಹೃದಯದ ಬಡಿತವೂ ಸರಿಯಿಲ್ಲ, ಅರಿವಳಿಕೆ ಕೊಡೋಕೆ ಡಾಕ್ಟರೇ ಹಿಂಜರಿದರು. ಅವಳ ವಯಸ್ಸು ಚಿಕ್ಕದಾಗಿದ್ದರೆ ನಾನು ಆಪರೇಷನ್ ಮಾಡಿಸುತ್ತಿದ್ದೆ.

ಈಗ ದಿನಕ್ಕೆ ಎರಡು ಸಲ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಔಷಧಿ. ಗಂಟನ್ನು ಅದು ಕರಗಿಸಲ್ಲ, ರಕ್ತದ ಸಕ್ಕರೆ ಬೀಳದಂತೆ ಹಿಡಿದಿಡುತ್ತದೆ ಅಷ್ಟೇ. ಸಕ್ಕರೆ ಮೊದಲ ದಿನ 52 mg/dL ಇತ್ತು, ನಿನ್ನೆ 84.

ನಿಜವಾಗಿ ಕೈ ಹಿಡಿದಿದ್ದು ನಿಮ್ಮಲ್ಲೊಬ್ಬರು ಹೇಳಿದ ನಾಲ್ಕು ಗಂಟೆಗೊಮ್ಮೆ ಮಾಂಸದ ಊಟ. ಬೆಳಗಿನ ಜಾವ ಅಲಾರಂ ಇಟ್ಟು ಬೇಯಿಸಿದ ಕೋಳಿ ಅರೆದು ಸಿರಿಂಜಿನಲ್ಲಿ ಕೊಡುತ್ತೇನೆ. ನೆಕ್ಕಿ, ನನ್ನ ಪೈಜಾಮಕ್ಕೇ ಮೂತಿ ಒರೆಸಿ ಸೋಫಾ ಕೆಳಗೆ ಓಡುತ್ತಾಳೆ. ಎಳೆದಾಡುತ್ತಿದ್ದ ಹಿಂಗಾಲು ಈಗ ನೆಟ್ಟಗಿದೆ.

ಬಾಳೆಹಣ್ಣು ಕೊಡಿ ಅಂದವರೇ, ಬೇಜಾರಾಗಬೇಡಿ, ಅದು ಉಲ್ಟಾ ಹೊಡೆಯಿತು. ಸಿಹಿ ತಿಂದರೆ ಇನ್ಸುಲಿನ್ ಇನ್ನೂ ಜಾಸ್ತಿ ಉಕ್ಕಿ ಸಕ್ಕರೆ ಧಡಕ್ಕನೆ ಕುಸಿಯುತ್ತದೆ. ಅಮ್ಮ ಗುಟ್ಟಾಗಿ ಕೊಡುತ್ತಿದ್ದ ಒಣದ್ರಾಕ್ಷಿಯೂ ಬಂದ್. ಜೇನು, ಅವಳು ಕುಸಿದು ಬಿದ್ದರೆ ಮಾತ್ರ. ಒಸಡಿಗೆ ಸವರಿ, ಎಚ್ಚರವಾದ ಕೂಡಲೇ ಊಟ ಕೊಟ್ಟು, ಡಾಕ್ಟರಿಗೆ ಫೋನ್.

ಮುಂದಿನ ರಕ್ತಪರೀಕ್ಷೆ ಎರಡು ವಾರಕ್ಕೆ.