ಅಪ್‌ಡೇಟ್: ಕ್ಯಾಪ್ ಹಾಕಿಸಿದ ಹಲ್ಲಿನ ಸುತ್ತ ರಕ್ತ ಬರ್ತಿದ್ದಿದ್ದಕ್ಕೆ ಕಾರಣ ಸಿಕ್ತು

ದವಡೆ ಹಲ್ಲಿಗೆ ಕ್ರೌನ್ (ಅದೇ ಕ್ಯಾಪ್) ಕೂರಿಸಿ ಮೂರು ವಾರ ಆದ್ರೂ ವಸಡು ಊದಿದೆ, ಫ್ಲಾಸ್ ಮಾಡಿದ್ರೆ (ಹಲ್ಲಿನ ಸಂದಿಗೆ ದಾರ ಹಾಕಿ ಸ್ವಚ್ಛ ಮಾಡಿದ್ರೆ) ರಕ್ತ ಬರುತ್ತೆ, ಏನು ಮಾಡ್ಲಿ ಅಂತ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಉಪ್ಪುನೀರು ಮುಕ್ಕಳಿಸಿದಾಗ ಆ ಹೊತ್ತಿಗೆ ಹಾಯೆನಿಸ್ತು, ಅಷ್ಟೇ. ಮೌತ್‌ವಾಶ್ ಬಾಯಿ ವಾಸನೆಯನ್ನ ಅರ್ಧ ಗಂಟೆ ಮುಚ್ಚಿಟ್ಟಿತು. "ಫ್ಲಾಸ್ ದಾರ ಪ್ರತಿ ಸಲ ಒಂದೇ ಕಡೆ ಸಿಕ್ಕಿ ಎಳೆ ಬಿಡ್ತಿದ್ರೆ ಅಲ್ಲಿ ಕ್ಯಾಪ್ ಅಂಟಿಸಿದ ಸಿಮೆಂಟ್ ಉಳಿದಿರಬಹುದು, ಹೋಗಿ ತೋರಿಸಿ" ಅಂದವರಿಗೆ ದೊಡ್ಡ ನಮಸ್ಕಾರ. ಅದೇ ಆಗಿತ್ತು! ವಸಡಿನ ಅಂಚಿನ ಕೆಳಗೆ ಸಾಸಿವೆ ಕಾಳಿಗಿಂತ ಚಿಕ್ಕದೊಂದು ಗಟ್ಟಿ ಚೂರು. ಡಾಕ್ಟರು ಕೆರೆದು ತೆಗೆದು ಹತ್ತಿಯ ಮೇಲಿಟ್ಟು ತೋರಿಸಿದ್ರು. ಐದು ನಿಮಿಷದ ಕೆಲಸ. ವಾರದೊಳಗೆ ರಕ್ತ ನಿಂತಿದೆ.

ನನಗೆ ಗೊತ್ತಿಲ್ಲದ ವಿಷಯ ಇನ್ನೊಂದಿತ್ತು. ಕ್ರೌನ್‌ಗೆ ಹುಳುಕು ಹಿಡಿಯಲ್ಲ, ಆದ್ರೆ ಅದರ ಅಂಚು ಮುಗಿದು ಸ್ವಂತ ಹಲ್ಲು ಶುರುವಾಗೋ ಗೆರೆಯಲ್ಲಿ ಹಿಡಿಯುತ್ತೆ. ನನ್ನ ಹಾಗೆ ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆಯೋ ಚಿಕಿತ್ಸೆ) ಆಗಿದ್ರೆ ನೋವಾಗಿ ಎಚ್ಚರಿಸೋಕೂ ಒಳಗೆ ನರ ಇರಲ್ಲ. ನಾನೋ, ಕ್ಯಾಪ್ ಹಾಕಿಸಿದ್ದಾಯ್ತಲ್ಲ ಅಂತ ಮೇಲೆ ಮೇಲೆ ಉಜ್ಜಿ ಬಿಡ್ತಿದ್ದೆ. (ಟೋಪಿ ಹಾಕಿಸ್ಕೊಂಡಿದ್ದು ಹಲ್ಲಲ್ಲ, ನಾನೇ.) ಈಗ ಬ್ರಷ್‌ನ ವಸಡಿನ ಕಡೆ ಓರೆಯಾಗಿ ಹಿಡೀತೀನಿ, ಫ್ಲಾಸ್‌ನ ಆ ಗೆರೆವರೆಗೂ ಮೆಲ್ಲಗೆ ಇಳಿಸ್ತೀನಿ.

ಪಕ್ಕದ ಸಂದಿಯಲ್ಲಿ ಮಾತ್ರ ಇನ್ನೂ ಊಟ ಸಿಕ್ಕಿಕೊಳ್ಳುತ್ತೆ. ಮುಂದಿನ ಸಲ ಹೋದಾಗ ಅದನ್ನೂ ತೋರಿಸಬೇಕು.